ಕೆಪಿ-ಕೆಸಿ ಲೆಕ್ಕಕ್ಕೆ ಯಾವ ಆರ್ ಹಾಕೋದು?

ಪ್ರಶ್ನೆ: ಸರ್, ನಾನು ಫಸ್ಟ್ ಪಿಯುಸಿ ಸೈನ್ಸ್. ಈಕ್ವಿಲಿಬ್ರಿಯಂ ಚಾಪ್ಟರಲ್ಲಿ ಕೆಪಿ (ಒತ್ತಡದಲ್ಲಿ ಬರೆದ ಈಕ್ವಿಲಿಬ್ರಿಯಂ ಸ್ಥಿರಾಂಕ) ಕೊಟ್ಟು ಕೆಸಿ (ಕಾನ್ಸಂಟ್ರೇಷನ್‌ನಲ್ಲಿ ಬರೆದದ್ದು) ಕಂಡುಹಿಡಿಯಿರಿ ಅಂತ ಎರಡು ಲೆಕ್ಕ ಇದೆ. ಒಂದು ನೈಟ್ರೋಸಿಲ್ ಕ್ಲೋರೈಡ್ ಒಡೆದು ನೈಟ್ರಿಕ್ ಆಕ್ಸೈಡ್, ಕ್ಲೋರಿನ್ ಆಗೋದು, 500 ಕೆಲ್ವಿನ್‌ನಲ್ಲಿ ಕೆಪಿ 1.8 × 10^-2. ಇನ್ನೊಂದು ಸುಣ್ಣದಕಲ್ಲು ಒಡೆಯೋದು, 1073 ಕೆಲ್ವಿನ್‌ನಲ್ಲಿ ಕೆಪಿ 167. ಆರ್‌ಗೆ, ಅಂದ್ರೆ ಗ್ಯಾಸ್ ಸ್ಥಿರಾಂಕಕ್ಕೆ, 0.0831 ಹಾಕಿದ್ರೆ ಮೊದಲನೇದಕ್ಕೆ 4.33 × 10^-4 ಬರುತ್ತೆ, ಪುಸ್ತಕದ ಉತ್ತರಕ್ಕೆ ತಾಳೆ ಆಗುತ್ತೆ. ಅದೇ ಆರ್ ಹಾಕಿ ಎರಡನೇದು ಮಾಡಿದ್ರೆ 1.87 ಬರುತ್ತೆ, ಪುಸ್ತಕದಲ್ಲಿ 1.90 ಅಂತಿದೆ. ಫ್ರೆಂಡ್ 0.0821 ಹಾಕು ಅಂತಾನೆ, ಟ್ಯೂಷನ್‌ನಲ್ಲಿ 8.314 ಅಂತಾರೆ. ಯಾವುದು ಸರಿ? ಮತ್ತೆ ಕೊನೇಲಿ ಯೂನಿಟ್ ಬರೀಬೇಕಾ ಬೇಡ್ವಾ?

ಉತ್ತರ: ನಿಮ್ಮ ಲೆಕ್ಕ ಸರಿಯಾಗೇ ಇದೆ, ಮೊದಲು ಆ ಟೆನ್ಷನ್ ಬಿಡಿ. ಎರಡನೇ ಲೆಕ್ಕನ ಎರಡೂ ಆರ್ ಹಾಕಿ ಸ್ವಲ್ಪ ಜಾಸ್ತಿ ದಶಾಂಶ ಇಟ್ಕೊಂಡು ಮಾಡಿ ನೋಡಿ, 0.08314 ಹಾಕಿದ್ರೆ 1.872, 0.08206 ಹಾಕಿದ್ರೆ 1.897. ಈಗ 1.897ನ 1.872ರಿಂದ ಭಾಗಿಸಿ, 1.013 ಬರುತ್ತೆ. ಈ ನಂಬರ್ ಎಲ್ಲೋ ನೋಡಿದ ಹಾಗಿದೆ ಅಲ್ವಾ, ಒಂದು ಅಟ್ಮಾಸ್ಫಿಯರ್ ಅಂದ್ರೆ 1.01325 ಬಾರ್. ಅಂದ್ರೆ ಉತ್ತರ ಬರೆದವರು ಮೊದಲನೇ ಲೆಕ್ಕಕ್ಕೆ ಬಾರ್‌ನ ಆರ್ ಹಾಕಿದ್ದಾರೆ, ಎರಡನೇದಕ್ಕೆ ಅಟ್ಮಾಸ್ಫಿಯರ್‌ನ ಆರ್ ಹಾಕಿದ್ದಾರೆ, ಅಷ್ಟೇ ವಿಷಯ. ಕೆಮಿಸ್ಟ್ರಿ ಏನೂ ತಪ್ಪಿಲ್ಲ, ಒಂದೇ ಪ್ರಶ್ನೆಯ ಎರಡು ಭಾಗಕ್ಕೆ ಎರಡು ಅಳತೆ ಬಳಸಿದ್ದಾರೆ. ಆದ್ರೆ ಆ 167ರಲ್ಲಿ ಇದಕ್ಕಿಂತ ದೊಡ್ಡ ತಮಾಷೆ ಒಂದಿದೆ, ಅದಕ್ಕೆ ಆಮೇಲೆ ಬರ್ತೀನಿ.

ನೀವು ಕೇಳಿದ ಯಾವ ಆರ್ ಅನ್ನೋ ಪ್ರಶ್ನೆಗೆ ಉತ್ತರ ಫಾರ್ಮುಲಾದಲ್ಲಿ ಸಿಗಲ್ಲ, ಕೊಟ್ಟಿರೋ ಕೆಪಿ ಯಾವ ಒತ್ತಡದ ಯೂನಿಟ್‌ನಲ್ಲಿದೆ ಅನ್ನೋದ್ರಲ್ಲಿ ಇದೆ. ಫಾರ್ಮುಲಾನ ಎಲ್ಲರೂ ಬಾಯಿಪಾಠ ಮಾಡ್ತಾರೆ, ಕೆಪಿ = ಕೆಸಿ × (ಆರ್‌ಟಿ)^ಡೆಲ್ಟಾ ಎನ್, ಆದ್ರೆ ಆ ಆರ್‌ಟಿ ಏನು ಕೆಲಸ ಮಾಡ್ತಿದೆ ಅಂತ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಜನ ಸುಮ್ನಾಗ್ತಾರೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಪಿವಿ = ಎನ್‌ಆರ್‌ಟಿ ಗೊತ್ತಲ್ವಾ, ವಿ-ನ ಆ ಕಡೆ ತಗೊಂಡು ಹೋದ್ರೆ ಪಿ = (ಎನ್/ವಿ) ಆರ್‌ಟಿ. ಎನ್ ಬೈ ವಿ ಅಂದ್ರೆ ಲೀಟರ್‌ಗೆ ಎಷ್ಟು ಮೋಲ್ ಅಂತ, ಅದೇ ಕಾನ್ಸಂಟ್ರೇಷನ್. ಹಾಗಾಗಿ ಯಾವುದೇ ಗ್ಯಾಸ್‌ದು ಪಾರ್ಷಿಯಲ್ ಪ್ರೆಶರ್ (ಮಿಶ್ರಣದಲ್ಲಿ ಆ ಗ್ಯಾಸ್ ಒಂದರ ಪಾಲಿನ ಒತ್ತಡ) ಅಂದ್ರೆ ಅದರ ಕಾನ್ಸಂಟ್ರೇಷನ್ ಇಂಟು ಆರ್‌ಟಿ. ಆರ್‌ಟಿ ಅನ್ನೋದು ಸೇರಿನಲ್ಲಿ ಅಳೆದ ಅಕ್ಕೀನ ಕೆಜಿಗೆ ತರೋ ಲೆಕ್ಕ ಇದ್ದಂಗೆ, ಸೇರಿಗೆ ಎಷ್ಟು ಕೆಜಿ ಅಂತ ಒಂದು ನಂಬರ್ ಇಟ್ಕೊಂಡಿರ್ತೀವಲ್ಲ ಅದು, ಇಲ್ಲಿ ಅದು ಲೀಟರ್‌ಗೆ ಒಂದು ಮೋಲ್ ಗ್ಯಾಸ್ ಇದ್ರೆ ಒತ್ತಡ ಎಷ್ಟು ಅಂತ ಹೇಳುತ್ತೆ. 25 ಡಿಗ್ರಿಯಲ್ಲಿ ಅದು 24.47 ಅಟ್ಮಾಸ್ಫಿಯರ್, ಅಥವಾ 24.79 ಬಾರ್. ಟೆಂಪರೇಚರ್ ಏರಿದ್ರೆ ಇದೂ ಏರುತ್ತೆ, ಅದಕ್ಕೇ ಟಿ ಅಲ್ಲಿ ಕೂತಿರೋದು.

ಈಗ ನಿಮ್ಮ ನೈಟ್ರೋಸಿಲ್ ಕ್ಲೋರೈಡ್ ತಗೊಳ್ಳಿ. ಎರಡು ಮೋಲ್ ಒಡೆದ್ರೆ ಎರಡು ನೈಟ್ರಿಕ್ ಆಕ್ಸೈಡ್, ಒಂದು ಕ್ಲೋರಿನ್. ಕೆಪಿ ಬರೆದಾಗ ಮೇಲೆ ಒಟ್ಟು ಮೂರು ಪ್ರೆಶರ್ ಗುಣಿಸ್ತೀವಿ (ನೈಟ್ರಿಕ್ ಆಕ್ಸೈಡ್ ಎರಡು ಸಲ, ಕ್ಲೋರಿನ್ ಒಂದು ಸಲ), ಕೆಳಗೆ ಎರಡು. ಪ್ರತಿ ಪ್ರೆಶರ್ ಜಾಗದಲ್ಲೂ ಕಾನ್ಸಂಟ್ರೇಷನ್ ಇಂಟು ಆರ್‌ಟಿ ಅಂತ ಹಾಕಿ, ಮೇಲೆ ಮೂರು ಆರ್‌ಟಿ, ಕೆಳಗೆ ಎರಡು, ಎರಡೆರಡು ಹೊಡೆದು ಹೋಯ್ತು, ಒಂದು ಉಳೀತು. ಕೆಪಿ = ಕೆಸಿ × ಆರ್‌ಟಿ. ಡೆಲ್ಟಾ ಎನ್ ಅಂದ್ರೆ ಇದೇ, ಹೊಡೆದು ಹಾಕಿದ ಮೇಲೆ ಮೇಲೆ ಎಷ್ಟು ಆರ್‌ಟಿ ಮಿಕ್ಕಿದೆ ಅನ್ನೋ ಲೆಕ್ಕ. ಇದನ್ನ ಒಂದ್ಸಲ ಕೈಯಾರೆ ಬರೆದು ನೋಡಿದ್ರೆ ಪ್ರಾಡಕ್ಟ್ ಮೈನಸ್ ರಿಯಾಕ್ಟಂಟಾ, ರಿಯಾಕ್ಟಂಟ್ ಮೈನಸ್ ಪ್ರಾಡಕ್ಟಾ ಅಂತ ಎಕ್ಸಾಮ್ ಹಾಲ್‌ನಲ್ಲಿ ಕನ್ಫ್ಯೂಸ್ ಆಗೋ ಪ್ರಶ್ನೆನೇ ಇಲ್ಲ. ಹೈಡ್ರೋಜನ್ ಮತ್ತೆ ಅಯೋಡಿನ್ ಆವಿ ಸೇರಿ ಹೈಡ್ರೋಜನ್ ಅಯೋಡೈಡ್ ಆಗೋದ್ರಲ್ಲಿ ಮೇಲೆ ಎರಡು ಕೆಳಗೆ ಎರಡು, ಎಲ್ಲಾ ಹೊಡೆದು ಹೋಗುತ್ತೆ, ಕೆಪಿ ಕೆಸಿ ಎರಡೂ ಒಂದೇ, ಅಲ್ಲಿ ನೀವು ಯಾವ ಆರ್ ಹಾಕಿದ್ರೂ ಏನೂ ಆಗಲ್ಲ.

ಸರಿ, ಆರ್‌ಗೆ ಬರೋಣ. ಆರ್ ಒಂದೇ, ಅದರ ಬೆಲೆ ಬೇರೆ ಬೇರೆ ಯೂನಿಟ್‌ನಲ್ಲಿ ಬೇರೆ ಬೇರೆ ಕಾಣುತ್ತೆ. ಒತ್ತಡ ಬಾರ್‌ನಲ್ಲಿ, ಗಾತ್ರ ಲೀಟರ್‌ನಲ್ಲಿ ಇದ್ರೆ 0.0831. ಒತ್ತಡ ಅಟ್ಮಾಸ್ಫಿಯರ್‌ನಲ್ಲಿ ಇದ್ರೆ 0.0821. ನಿಮ್ಮ ಟ್ಯೂಷನ್‌ನವರು ಹೇಳೋ 8.314 ಸುಳ್ಳಲ್ಲ, ಅದು ಎರಡು ಜಾಗದಲ್ಲಿ ಸರಿ, ಒತ್ತಡ ಪ್ಯಾಸ್ಕಲ್‌ನಲ್ಲಿದ್ದು ಗಾತ್ರ ಘನ ಮೀಟರ್‌ನಲ್ಲಿದ್ರೆ, ಇಲ್ಲಾ ಒತ್ತಡ ಕಿಲೋಪ್ಯಾಸ್ಕಲ್‌ನಲ್ಲಿದ್ದು ಗಾತ್ರ ಲೀಟರ್‌ನಲ್ಲಿದ್ರೆ. ಬಾರ್‌ನಲ್ಲಿ ಕೊಟ್ಟ ಕೆಪಿಗೆ ತಗೊಂಡು ಹೋಗಿ 8.314 ಹಾಕಿದ್ರೆ ನಿಮ್ಮ ಮೊದಲ ಲೆಕ್ಕಕ್ಕೆ 4.33 × 10^-6 ಬರುತ್ತೆ, ಸರಿಯಾಗಿ ನೂರು ಪಟ್ಟು ಕಮ್ಮಿ, ಯಾಕಂದ್ರೆ ಒಂದು ಬಾರ್ ಅಂದ್ರೆ ನೂರು ಕಿಲೋಪ್ಯಾಸ್ಕಲ್. ಡೆಲ್ಟಾ ಎನ್ ಎರಡಾಗಿದ್ರೆ ತಪ್ಪು ಹತ್ತು ಸಾವಿರ ಪಟ್ಟು. 0.0831ಕ್ಕೂ 0.0821ಕ್ಕೂ ಇರೋ ಜಗಳ ಒಂದೂ ಕಾಲು ಪರ್ಸೆಂಟ್ ಚಿಲ್ಲರೆದು, ಅದಕ್ಕೆ ನಿದ್ದೆ ಕೆಡಿಸ್ಕೋಬೇಡಿ, 8.314 ಹಾಕೋ ತಪ್ಪು ಮಾತ್ರ ಉತ್ತರನೇ ಹಾಳು ಮಾಡುತ್ತೆ.

ಈ ಬಾರ್ ಯಾಕೆ ಬಂತು ಅಂತ ಒಂದು ಮಾತು. ಮುಂಚೆ ಸ್ಟ್ಯಾಂಡರ್ಡ್ ಪ್ರೆಶರ್ ಅಂದ್ರೆ ಒಂದು ಅಟ್ಮಾಸ್ಫಿಯರ್ ಅಂತಿತ್ತು, 1982ರಲ್ಲಿ ಐಯುಪ್ಯಾಕ್‌ನವರು (ಕೆಮಿಸ್ಟ್ರಿಯ ಅಂತರರಾಷ್ಟ್ರೀಯ ಒಕ್ಕೂಟ) ಅದನ್ನ ಒಂದು ಬಾರ್ ಮಾಡಿ ಅಂದ್ರು. ಹೊಸ ಪುಸ್ತಕಗಳು ಬಾರ್‌ಗೆ ಬಂದವು, ಆದ್ರೆ ಹಳೇ ಲೆಕ್ಕಗಳು, ಹಳೇ ಕೀ ಆನ್ಸರ್‌ಗಳು, ಮೇಷ್ಟ್ರುಗಳ ಹಳೇ ನೋಟ್ಸು ಎಲ್ಲಾ ಅಟ್ಮಾಸ್ಫಿಯರಲ್ಲೇ ಉಳ್ಕೊಂಡ್ವು. ನಿಮ್ಮಲ್ಲಿ 0.0831, ನಿಮ್ಮ ಫ್ರೆಂಡ್ ಹತ್ರ 0.0821 ಇರೋದು ಇದರಿಂದಾನೇ, ಅವನೇನೂ ದಡ್ಡ ಅಲ್ಲ.

ಈಗ ಆ 167. ಸುಣ್ಣದಕಲ್ಲು ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಕಾಯಿಸಿದ್ರೆ ಸುಟ್ಟ ಸುಣ್ಣ ಮತ್ತೆ ಕಾರ್ಬನ್ ಡೈಆಕ್ಸೈಡ್. ಕಲ್ಲೂ ಘನ, ಸುಣ್ಣನೂ ಘನ, ಅವು ಎರಡೂ ಕೆ-ಗೆ (ಈಕ್ವಿಲಿಬ್ರಿಯಂ ಸ್ಥಿರಾಂಕಕ್ಕೆ) ಬರಲ್ಲ, ಅವುಗಳ ಜಾಗದಲ್ಲಿ ಒಂದು ಅಂತ ಹಾಕಿ ಬಿಟ್ಟುಬಿಡ್ತೀವಿ. ಹಾಗಾಗಿ ಡೆಲ್ಟಾ ಎನ್ ಒಂದು (ಇಲ್ಲಿ ಎರಡು ಪ್ರಾಡಕ್ಟ್ ಮೈನಸ್ ಒಂದು ರಿಯಾಕ್ಟಂಟ್ ಅಂತ ಲೆಕ್ಕ ಹಾಕಿ ಒಂದು ಅಂತ ಬರೆಯೋರು ಇದ್ದಾರೆ, ಉತ್ತರ ಸರಿ ಬಂದು ತಪ್ಪು ಮುಚ್ಚಿಹೋಗುತ್ತೆ, ಬೇರೆ ಲೆಕ್ಕದಲ್ಲಿ ಸಿಕ್ಕಿಬೀಳ್ತಾರೆ). ಮತ್ತೆ ಕೆಪಿ ಅಂದ್ರೆ ಇಲ್ಲಿ ಬೇರೇನೂ ಅಲ್ಲ, ಸುಣ್ಣದಕಲ್ಲಿನ ಮೇಲೆ ಆ ಟೆಂಪರೇಚರಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಒತ್ತಡ ನಿಲ್ಲುತ್ತೆ ಅನ್ನೋದು, ಅಷ್ಟೇ.

ಹಾಗಿದ್ರೆ ಯೋಚ್ನೆ ಮಾಡಿ, 1073 ಕೆಲ್ವಿನ್ ಅಂದ್ರೆ 800 ಡಿಗ್ರಿ ಸೆಲ್ಸಿಯಸ್, ಅಲ್ಲಿ 167 ಬಾರ್ ಒತ್ತಡ ಅಂದ್ರೆ ತುಂಬಿದ ಆಕ್ಸಿಜನ್ ಸಿಲಿಂಡರ್ ಒಳಗೆ ಇರೋದು ಸುಮಾರು 150 ಬಾರ್, ಅದಕ್ಕಿಂತ ಜಾಸ್ತಿ. ಸುಣ್ಣದ ಭಟ್ಟಿಗಳೆಲ್ಲಾ ಬಾಂಬ್ ತರ ಸಿಡೀಬೇಕಿತ್ತು. ನಿಜ ಏನಂದ್ರೆ ಸುಣ್ಣದಕಲ್ಲಿನ ಮೇಲೆ ಕಾರ್ಬನ್ ಡೈಆಕ್ಸೈಡ್ ಒತ್ತಡ ಒಂದು ಅಟ್ಮಾಸ್ಫಿಯರ್ ಮುಟ್ಟೋದೇ ಸುಮಾರು 900 ಡಿಗ್ರಿ ಹತ್ರ, ಭಟ್ಟೀನ ಅದಕ್ಕಿಂತ ಮೇಲೆ ಕಾಯಿಸೋದೂ ಅದಕ್ಕೇ. 800ರಲ್ಲಿ ಅದು ಒಂದು ಅಟ್ಮಾಸ್ಫಿಯರ್‌ನ ಕಾಲು ಭಾಗಕ್ಕೂ ಸ್ವಲ್ಪ ಕಮ್ಮಿ. ಒಂದು ಅಟ್ಮಾಸ್ಫಿಯರ್ ಅಂದ್ರೆ ಪಾದರಸದ 760 ಮಿಲಿಮೀಟರ್, ಈಗ 167ನ 760ರಿಂದ ಭಾಗಿಸಿ ನೋಡಿ. 0.22! ನನ್ನ ಪ್ರಕಾರ ಈ 167 ಹುಟ್ಟಿದ್ದು ಪಾದರಸದ ಮಿಲಿಮೀಟರ್‌ನಲ್ಲಿ, ಯಾರೋ ಯಾವಾಗಲೋ ಕಾಪಿ ಮಾಡುವಾಗ ಯೂನಿಟ್ ಬಿಟ್ಟೋಗಿದೆ, ಬರೀ ನಂಬರ್ ಉಳಿದಿದೆ, ಅದಕ್ಕೆ ಒಬ್ರು 0.0821 ಹಾಕಿ ಇನ್ನೊಬ್ರು 0.0831 ಹಾಕಿ 1.90, 1.87 ಅಂತ ಕಿತ್ತಾಡ್ತಾ ಇದ್ದಾರೆ. 0.22 ಅಟ್ಮಾಸ್ಫಿಯರ್ ಅಂತ ತಗೊಂಡ್ರೆ ಕೆಸಿ ಬರೋದು 0.22 ಬೈ (0.0821 × 1073), ಸುಮಾರು 2.5 × 10^-3. ಲೀಟರ್‌ಗೆ ಎರಡೂವರೆ ಮಿಲಿಮೋಲ್. 1.9 ಅಂದ್ರೆ ಲೀಟರ್‌ಗೆ 83 ಗ್ರಾಂ ಕಾರ್ಬನ್ ಡೈಆಕ್ಸೈಡ್ ತುಂಬಿದ ಹಾಗೆ, ಕೆಂಡದಂಗೆ ಕಾದಿರೋ ಗೂಡಲ್ಲಿ ಅದು ಎಲ್ಲಿಂದ ಬರಬೇಕು.

ಪರೀಕ್ಷೆಗೆ ಇದೇ ಲೆಕ್ಕ ಬಂದ್ರೆ ಏನು ಮಾಡೋದು ಅಂತ ಕೇಳ್ತೀರ, ಯೂನಿಟ್ ಕೊಟ್ಟಿಲ್ಲ ಅಂದ್ರೆ ಬಾರ್ ಅಂತ ಇಟ್ಕೊಳ್ತೀನಿ ಅಂತ ಒಂದು ಸಾಲು ಬರೆದು 0.0831 ಹಾಕಿ 1.87 ಬರೀರಿ. ಸ್ಟೆಪ್ ಸರಿ ಇದ್ದು ಕೊನೇ ಉತ್ತರ ಒಂದು ಪರ್ಸೆಂಟ್ ಆಚೀಚೆ ಆದ್ರೆ ನೋಡೋರಿಗೆ ಅರ್ಥ ಆಗುತ್ತೆ. ಪಾದರಸದ ಕತೆ ಎಲ್ಲಾ ಉತ್ತರ ಪತ್ರಿಕೆಯಲ್ಲಿ ಬರೀಬೇಡಿ ಮತ್ತೆ.

ಯೂನಿಟ್ ಬಿಟ್ರೆ ಕೆ-ಗೆ ಎಷ್ಟು ಮುಖ ಬರುತ್ತೆ ಅಂತ ನೋಡೋಕೆ ಅಮೋನಿಯಾಗಿಂತ ಒಳ್ಳೇದು ಇಲ್ಲ. ಒಂದು ನೈಟ್ರೋಜನ್, ಮೂರು ಹೈಡ್ರೋಜನ್ ಸೇರಿ ಎರಡು ಅಮೋನಿಯಾ, ಡೆಲ್ಟಾ ಎನ್ ಮೈನಸ್ ಎರಡು. 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಸಿ ಸುಮಾರು 0.060. ಆರ್‌ಟಿ ಅಂದ್ರೆ 0.0821 × 773, ಅದು 63.5, ಅದರ ವರ್ಗ 4030 ಹತ್ರ, ಅದರಿಂದ ಭಾಗಿಸಿದ್ರೆ ಕೆಪಿ ಸುಮಾರು 1.5 × 10^-5, ಇದು ಅಟ್ಮಾಸ್ಫಿಯರ್ ಲೆಕ್ಕದಲ್ಲಿ. ಅದನ್ನೇ ಪ್ಯಾಸ್ಕಲ್‌ಗೆ ತಂದ್ರೆ 101325ರ ವರ್ಗದಿಂದ ಭಾಗಿಸಬೇಕು, ಬರೋದು 1.5 × 10^-15 ಆಸುಪಾಸು. ಅದೇ ಪಾತ್ರೆ, ಅದೇ ಗ್ಯಾಸು, ಅದೇ ಬಿಸಿ, ಒಂದು ನಂಬರ್ ನೂರರಲ್ಲಿ ಆರು ಅನ್ನುತ್ತೆ, ಇನ್ನೊಂದು ಕೋಟಿ ಕೋಟಿಯಲ್ಲಿ ಒಂದು ಪಾಲೂ ಇಲ್ಲ ಅನ್ನುತ್ತೆ. ಕೆ ದೊಡ್ಡದಿದ್ರೆ ರಿಯಾಕ್ಷನ್ ಮುಂದಕ್ಕೆ ಹೋಗುತ್ತೆ, ಚಿಕ್ಕದಿದ್ರೆ ಹೋಗಲ್ಲ ಅಂತ ಪುಸ್ತಕದಲ್ಲಿ ಓದಿರ್ತೀರ, ಡೆಲ್ಟಾ ಎನ್ ಸೊನ್ನೆ ಅಲ್ಲದಿದ್ದಾಗ ಆ ಮಾತನ್ನ ಯೂನಿಟ್ ಕೇಳದೆ ನಂಬಬೇಡಿ.

ಇದರ ಜೊತೆ ಇನ್ನೊಂದು ಕೆ ಇದೆ, ಪಿಯುಸಿಯಲ್ಲಿ ಜಾಸ್ತಿ ಹೇಳಲ್ಲ, ಆದ್ರೆ ಕಾರ್ಖಾನೆಯವರಿಗೆ ಬೇಕಾಗಿರೋದು ಅದೇ. ಮೋಲ್ ಫ್ರಾಕ್ಷನ್ (ಒಟ್ಟು ಮೋಲ್‌ಗಳಲ್ಲಿ ಆ ಗ್ಯಾಸ್‌ನ ಪಾಲು) ಮೇಲೆ ಬರೆಯೋ ಕೆಎಕ್ಸ್. ಪಾರ್ಷಿಯಲ್ ಪ್ರೆಶರ್ ಅಂದ್ರೆ ಮೋಲ್ ಫ್ರಾಕ್ಷನ್ ಇಂಟು ಒಟ್ಟು ಒತ್ತಡ, ಹಾಗಾಗಿ ಕೆಪಿ = ಕೆಎಕ್ಸ್ × (ಒಟ್ಟು ಒತ್ತಡ)^ಡೆಲ್ಟಾ ಎನ್. ಆರ್‌ಟಿ ಇದ್ದ ಜಾಗಕ್ಕೆ ಒಟ್ಟು ಒತ್ತಡ ಬಂತು, ಮಿಕ್ಕಿದ್ದೆಲ್ಲಾ ಅದೇ ಕತೆ. ಅಮೋನಿಯಾಗೆ ಹಾಕಿ ನೋಡಿ, ಒಂದು ಅಟ್ಮಾಸ್ಫಿಯರ್‌ನಲ್ಲಿ ಕೆಎಕ್ಸ್ 1.5 × 10^-5, ನೈಟ್ರೋಜನ್ ಹೈಡ್ರೋಜನ್ ಒಂದಕ್ಕೆ ಮೂರು ಹಾಕಿದ್ರೆ ಕೊನೆಗೆ ಅಮೋನಿಯಾ ಸಿಗೋದು 0.13 ಪರ್ಸೆಂಟ್, ಅಂದ್ರೆ ಏನೂ ಇಲ್ಲ. ಒತ್ತಡ 200 ಅಟ್ಮಾಸ್ಫಿಯರ್ ಮಾಡಿ, ಕೆಎಕ್ಸ್ 200ರ ವರ್ಗದಷ್ಟು ಏರಿ 0.6 ಆಗುತ್ತೆ, ಅಮೋನಿಯಾ 17 ಪರ್ಸೆಂಟ್. ಕೆಪಿ ಒಂಚೂರೂ ಬದಲಾಗಿಲ್ಲ ಗಮನಿಸಿ, ಅದು ಟೆಂಪರೇಚರ್ ಮಾತ್ರ ಕೇಳೋದು. ಫ್ರಿಟ್ಸ್ ಹೇಬರ್ ಕಂಡುಕೊಂಡಿದ್ದನ್ನ ಕಾರ್ಲ್ ಬಾಶ್ ಕಾರ್ಖಾನೆ ಅಳತೆಗೆ ತಂದು 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಶುರು ಮಾಡಿದಾಗ ಅಷ್ಟು ಒತ್ತಡ ತಡ್ಕೊಳ್ಳೋ ಉಕ್ಕಿನ ಪಾತ್ರೆಗೆ ಪಟ್ಟ ಪಾಡೆಲ್ಲಾ ಈ ಮೈನಸ್ ಎರಡರ ಸಲುವಾಗಿ. 200 ಅಟ್ಮಾಸ್ಫಿಯರ್‌ನಲ್ಲಿ ಗ್ಯಾಸ್‌ಗಳು ಐಡಿಯಲ್ ಆಗಿರಲ್ಲ, ನಿಜವಾದ ಡಿಸೈನ್‌ಗೆ ಪ್ರೆಶರ್ ಬದಲು ಫ್ಯೂಗಾಸಿಟಿ ಅಂತ ತಿದ್ದಿದ ಒತ್ತಡ ಹಾಕ್ತಾರೆ, ನಿಮಗೆ ಈಗ ಅದು ಬೇಡ.

ಅದೇ ಅಮೋನಿಯಾ ಸಮೀಕರಣನ ಅರ್ಧ ಮಾಡಿ ಬರೆದ್ರೆ, ಅರ್ಧ ನೈಟ್ರೋಜನ್ ಒಂದೂವರೆ ಹೈಡ್ರೋಜನ್‌ಗೆ ಒಂದು ಅಮೋನಿಯಾ, ಡೆಲ್ಟಾ ಎನ್ ಮೈನಸ್ ಒಂದು ಆಗುತ್ತೆ, ಕೆಸಿ-ಗೂ ವರ್ಗಮೂಲ ತಗೋಬೇಕು, 0.245. ಇಲ್ಲಿ ತುಂಬಾ ಜನ ಒಂದನ್ನ ಬದಲಾಯಿಸಿ ಇನ್ನೊಂದನ್ನ ಮರೀತಾರೆ. ತಿರುಗಿಸಿ ಬರೆದ್ರೆ ಕೆ ತಲೆಕೆಳಗು, ಡೆಲ್ಟಾ ಎನ್ ಚಿಹ್ನೆ ಉಲ್ಟಾ. ನೀರು ಇದ್ರೆ ಅದು ಆವಿಯಾ ದ್ರವನಾ ಅಂತ ಬ್ರಾಕೆಟ್ ನೋಡಿ, ದ್ರವ ಆದ್ರೆ ಎಣಿಸೋ ಹಾಗಿಲ್ಲ. ಟೆಂಪರೇಚರ್ ಯಾವಾಗಲೂ ಕೆಲ್ವಿನ್, 27 ಡಿಗ್ರಿ ಕೊಟ್ಟಾಗ 27ನೇ ಹಾಕಿದ್ರೆ ಡೆಲ್ಟಾ ಎನ್ ಒಂದಾಗಿದ್ದಾಗಲೇ ಉತ್ತರ ಹನ್ನೊಂದು ಪಟ್ಟು ತಪ್ಪು.

ಉತ್ತರ ಬಂದ ಮೇಲೆ ಚೆಕ್ ಮಾಡೋಕೆ ಒಂದು ಸುಲಭ ದಾರಿ ಇದೆ. ಲೀಟರ್, ಅಟ್ಮಾಸ್ಫಿಯರ್ ಅಥವಾ ಬಾರ್ ಬಳಸಿದಾಗ ನೀವು ನೋಡೋ ಎಲ್ಲಾ ಲೆಕ್ಕದಲ್ಲೂ ಆರ್‌ಟಿ ಒಂದಕ್ಕಿಂತ ಜಾಸ್ತಿನೇ ಇರುತ್ತೆ. ಹಾಗಾಗಿ ಡೆಲ್ಟಾ ಎನ್ ಪ್ಲಸ್ ಇದ್ರೆ ಕೆಪಿ ದೊಡ್ಡದು, ಮೈನಸ್ ಇದ್ರೆ ಕೆಸಿ ದೊಡ್ಡದು, ಉಲ್ಟಾ ಬಂದಿದ್ರೆ ಎಲ್ಲೋ ಗುಣಿಸೋ ಬದಲು ಭಾಗಿಸಿದ್ದೀರ. ಎಂಟ್ರೆನ್ಸ್ ಎಕ್ಸಾಮ್‌ಗಳ ಗೈಡ್‌ಗಳಲ್ಲಿ ಡೆಲ್ಟಾ ಎನ್ ಸೊನ್ನೆ ಇಲ್ಲದಿದ್ರೂ ಯಾವ ಟೆಂಪರೇಚರಲ್ಲಿ ಕೆಪಿ ಕೆಸಿ ಸಮ ಆಗುತ್ತೆ ಅಂತ ಒಂದು ಪ್ರಶ್ನೆ ಇರುತ್ತೆ, ಉತ್ತರ ಆರ್‌ಟಿ ಒಂದಾಗೋ ಜಾಗ, ಅಂದ್ರೆ ಒಂದು ಬೈ 0.0821, 12.2 ಕೆಲ್ವಿನ್. ಮಾರ್ಕ್ಸ್‌ಗೆ ಬರ್ಕೊಳ್ಳಿ, ಆದ್ರೆ ನನಗೆ ಆ ಪ್ರಶ್ನೆ ಇಷ್ಟ ಇಲ್ಲ, ಬಾರ್‌ಗೆ ಬದಲಾಯಿಸಿದ ತಕ್ಷಣ ಅದು 12.0 ಆಗುತ್ತೆ, ಪ್ಯಾಸ್ಕಲ್‌ನಲ್ಲಿ ಇನ್ನೆಲ್ಲೋ ಹೋಗುತ್ತೆ, ಪ್ರಕೃತಿಗೂ ಆ ನಂಬರ್‌ಗೂ ಸಂಬಂಧನೇ ಇಲ್ಲ.

8.314 ಬಗ್ಗೆ ಇನ್ನೊಂದು ಮಾತು ಬಾಕಿ ಇದೆ, ಬಹುಶಃ ಟ್ಯೂಷನ್‌ನಲ್ಲಿ ಗೊಂದಲ ಆಗಿರೋದು ಇಲ್ಲೇ. ಡೆಲ್ಟಾ ಜಿ ನಾಟ್ (ಸ್ಟ್ಯಾಂಡರ್ಡ್ ಗಿಬ್ಸ್ ಎನರ್ಜಿ ಬದಲಾವಣೆ) = ಮೈನಸ್ ಆರ್‌ಟಿ ಲಾಗ್ ಕೆ (ಇಲ್ಲಿ ಲಾಗ್ ಅಂದ್ರೆ ನ್ಯಾಚುರಲ್ ಲಾಗ್, ಎಲ್‌ಎನ್) ಅಂತ ಇದೇ ಚಾಪ್ಟರಲ್ಲಿ ಬರುತ್ತೆ, ಅಲ್ಲಿ ಆರ್ 8.314ನೇ, ಯಾಕಂದ್ರೆ ಉತ್ತರ ಜೂಲ್‌ನಲ್ಲಿ ಬೇಕು. ಅಲ್ಲಿ ಆರ್ ಎನರ್ಜಿ ಲೆಕ್ಕ ಮಾಡ್ತಿದೆ, ಇಲ್ಲಿ ಕಾನ್ಸಂಟ್ರೇಷನ್‌ನ ಒತ್ತಡಕ್ಕೆ ತಿರುಗಿಸ್ತಿದೆ, ಅಕ್ಷರ ಒಂದೇ, ಕೆಲಸ ಬೇರೆ. ಗ್ಯಾಸ್ ರಿಯಾಕ್ಷನ್‌ಗೆ ಟೇಬಲ್‌ನಿಂದ ಡೆಲ್ಟಾ ಜಿ ತೆಗೆದ್ರೆ ಅದರಿಂದ ಬರೋದು ಬಾರ್ ಲೆಕ್ಕದ ಕೆಪಿ, ಕೆಸಿ ಅಲ್ಲ. ಅಮೋನಿಯಾಗೆ 25 ಡಿಗ್ರಿಯಲ್ಲಿ ಡೆಲ್ಟಾ ಜಿ ನಾಟ್ ಮೈನಸ್ 32.9 ಕಿಲೋಜೂಲ್, ಅದರಿಂದ ಕೆಪಿ ಸುಮಾರು 5.8 × 10^5. ಕೆಸಿ ಬೇಕು ಅಂದ್ರೆ ಆಮೇಲೆ 24.79ರ ವರ್ಗದಿಂದ ಗುಣಿಸಬೇಕು, 3.6 × 10^8. ಒಂದೇ ಲೆಕ್ಕದಲ್ಲಿ ಮೊದಲು 8.314, ಆಮೇಲೆ 0.0831, ಎರಡೂ ಬರುತ್ತೆ, ಅದರಲ್ಲಿ ವಿರೋಧ ಏನಿಲ್ಲ. ಮುಂದೆ ಬಿಎಸ್ಸಿಗೆ ಹೋದ್ರೆ ನೆನಪಿಟ್ಕೊಳ್ಳಿ, ಲಾಗ್ ಕೆಪಿ ಟೆಂಪರೇಚರ್ ಜೊತೆ ಹೇಗೆ ಬದಲಾಗುತ್ತೆ ಅನ್ನೋದ್ರಿಂದ ಡೆಲ್ಟಾ ಎಚ್ (ಎಂಥಾಲ್ಪಿ ಬದಲಾವಣೆ) ಸಿಗುತ್ತೆ, ಲಾಗ್ ಕೆಸಿ ಇಂದ ಮಾಡಿದ್ರೆ ಸಿಗೋದು ಡೆಲ್ಟಾ ಯು (ಆಂತರಿಕ ಎನರ್ಜಿ ಬದಲಾವಣೆ), ಎರಡಕ್ಕೂ ಇರೋ ವ್ಯತ್ಯಾಸ ಡೆಲ್ಟಾ ಎನ್ ಇಂಟು ಆರ್‌ಟಿ.

ಕೊನೇ ಪ್ರಶ್ನೆ, ಯೂನಿಟ್ ಬರೀಬೇಕಾ. ಕಟ್ಟುನಿಟ್ಟಾಗಿ ಹೇಳೋದಾದ್ರೆ ಕೆ-ಗೆ ಯೂನಿಟ್ ಇಲ್ಲ, ಯಾಕಂದ್ರೆ ಪ್ರತಿ ಒತ್ತಡನೂ ಒಂದು ಬಾರ್‌ನಿಂದ, ಪ್ರತಿ ಕಾನ್ಸಂಟ್ರೇಷನ್‌ನೂ ಲೀಟರ್‌ಗೆ ಒಂದು ಮೋಲ್‌ನಿಂದ ಭಾಗಿಸಿಯೇ ಒಳಗೆ ಹಾಕಬೇಕು ಅಂತ ನಿಯಮ, ಇಲ್ಲಾಂದ್ರೆ ಅದಕ್ಕೆ ಲಾಗ್ ತೆಗೆಯೋಕೇ ಆಗಲ್ಲ. ಪಿಯುಸಿ ಮಟ್ಟದಲ್ಲಿ ಇನ್ನೂ ಯೂನಿಟ್ ಕೇಳೋರು ಇದ್ದಾರೆ, ಕೇಳಿದ್ರೆ ಕೆಪಿಗೆ ಬಾರ್‌ನ ಘಾತ ಡೆಲ್ಟಾ ಎನ್, ಕೆಸಿಗೆ ಮೋಲ್ ಪರ್ ಲೀಟರ್‌ನ ಘಾತ ಡೆಲ್ಟಾ ಎನ್ ಅಂತ ಬರೀರಿ. ಕೇಳಿಲ್ಲ ಅಂದ್ರೂ ನಾನಂತೂ ಪಕ್ಕದಲ್ಲಿ ಬಾರ್ ಲೆಕ್ಕ ಅಂತ ಚಿಕ್ಕದಾಗಿ ಬರೀರಿ ಅಂತೀನಿ, 167 ತರದ ಅನಾಥ ನಂಬರ್‌ಗಳು ಹುಟ್ಟೋದು ಅದನ್ನ ಬಿಟ್ಟಾಗಲೇ.